ಬೆನ್ನಿಲ್ಲದ ಗೋಡೆ

ಮಾರ್ಚ್ ೪, ಸೋಮವಾರ

ಈ ಮನೆಯಲ್ಲಿ ಜೋರಾಗಿ ಬೈಯಲು ಜಾಗವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನ ಮನೆಯ ನಡುಕೋಣೆಯಲ್ಲಿ ಒಂದು ಮಂಚ, ಮಂಚಕ್ಕೊಂದು ಪರದೆ. ಪರದೆಯ ಈಚೆ ನಾನು, ಆಚೆ ಭಾವ ಮತ್ತು ಅವರ ಟೀವಿ. ಒಂದು ಮಳೆಗಾಲದ ಮಟ್ಟಿಗೆ ಎಂದು ಬಂದವಳು. ಎರಡು ಮಳೆಗಾಲ ಕಳೆದವು. ಪರದೆ ಮಾಸಿತೆಂದು ಅಕ್ಕ ಇವತ್ತು ಹೊಸದು ಕಟ್ಟಿದಳು. "ಚೆನ್ನಾಗಿದ್ಯಾ ನೋಡೇ" ಅಂದಳು. ಚೆನ್ನಾಗಿದೆ ಅಂದೆ. ಹೊಸ ಪರದೆ ಕಟ್ಟಿದರೆಂದರೆ ನಾನು ಸದ್ಯಕ್ಕೆ ಹೋಗುವುದಿಲ್ಲವೆಂದು ಅವರೂ ತೀರ್ಮಾನಿಸಿಬಿಟ್ಟಿದ್ದಾರೆ.

ಎಲ್ಲಕ್ಕೂ ಕಾರಣ ಒಂದು ದರಿದ್ರ ಗೋಡೆ. ವಿಶ್ವವಿದ್ಯಾಲಯದವರಿಗೆ ಹದಿನೆಂಟು ಅಂತಸ್ತಿನ ಹೊಸ ಕಟ್ಟಡ ಬೇಕು. ಅದು ಏಳಬೇಕಾದ ಜಾಗದಲ್ಲಿ ಹಳೇ ಕಾಲದ ಗ್ರಂಥಾಲಯವಿತ್ತು. ಹಳೆಯ ಕಟ್ಟಡಗಳನ್ನು ಕಾಯುವ ಸಮಿತಿಯವರು, ಒಳಗೆ ಏನು ಬೇಕಾದರೂ ಮಾಡಿಕೊಳ್ಳಿ, ಬೀದಿಗೆ ಕಾಣುವ ಮುಂಗೋಡೆಯನ್ನು ಮಾತ್ರ ಮುಟ್ಟುವಂತಿಲ್ಲ ಎಂದರು. ಹಾಗಾಗಿ ಗ್ರಂಥಾಲಯದ ಹೊಟ್ಟೆ, ಪಕ್ಕೆ, ಬೆನ್ನು ಎಲ್ಲವನ್ನೂ ಕೆಡವಿ ಮುಖವೊಂದನ್ನು ನಿಲ್ಲಿಸಿಕೊಂಡಿದ್ದೇವೆ. ಮೂರು ಸಾಲು ಕಮಾನು ಕಿಟಕಿ, ನಡುವೆ ದೊಡ್ಡ ಬಾಗಿಲು, ಹಿಂದೆ ಏನೂ ಇಲ್ಲ. ಬೀದಿಯ ಕಡೆಯಿಂದ ಉಕ್ಕಿನ ಚೌಕಟ್ಟೊಂದು ಅದನ್ನು ತಬ್ಬಿ ಹಿಡಿದಿದೆ. ಹಿಂದುಗಡೆ ಹೊಸ ಕಟ್ಟಡ ಈಗ ಹನ್ನೊಂದು ಅಂತಸ್ತು ಏರಿದೆ. ಅದು ಪೂರ್ತಿ ಎದ್ದು ಗೋಡೆಯನ್ನು ತನಗೆ ಸೇರಿಸಿಕೊಳ್ಳುವವರೆಗೆ ಗೋಡೆ ಬೀಳದಂತೆ ನೋಡಿಕೊಳ್ಳುವ ಎಂಜಿನಿಯರ್ ನಾನು. ಸೈಟಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಗೋಡೆ ಮೇಡಂ ಅಂದರೆ ನಾನೇ.

ದಿನಾ ಬೆಳಿಗ್ಗೆ ಸರ್ವೇಯರ್ ಗೋಡೆಯ ಅಳತೆ ತೆಗೆಯುತ್ತಾನೆ. ನಾನು ನೋಡಿ ಸಹಿ ಹಾಕಬೇಕು. ಆಮೇಲೆ ಚೌಕಟ್ಟಿನ ಮೇಲೆ ಹಸಿರು ಬಾವುಟ ಏರುತ್ತದೆ. ಬಾವುಟ ಏರದೆ ಕ್ರೇನ್ ಅಲುಗಾಡುವಂತಿಲ್ಲ. ಅನುಮತಿ ಪತ್ರದಲ್ಲಿ ನನ್ನ ಪರವಾನಗಿಯನ್ನೇ ನಮೂದಿಸಿದ್ದಾರೆ, ಬೇರೆಯವರ ಸಹಿ ನಡೆಯುವುದಿಲ್ಲ. ಭಾನುವಾರವೂ ಕ್ರೇನ್ ಓಡುತ್ತದೆ, ಹಾಗಾಗಿ ಭಾನುವಾರವೂ ನಾನು ಬೇಕು. ನನಗೆ ಜ್ವರ ಬಂದರೆ ಹನ್ನೊಂದು ಅಂತಸ್ತಿನ ಜನ ಕೈಕಟ್ಟಿ ಕೂರುತ್ತಾರೆ. ಒಬ್ಬಳನ್ನು ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಹಗ್ಗ ಯಾರಿಗೂ ಹೊಳೆದಿರಲಾರದು.

ನನ್ನ ಗಂಡ, ಮಗಳು ಇರುವ ಊರಿಗೆ ರೈಲಿನಲ್ಲಿ ಒಂದು ಇಡೀ ರಾತ್ರಿಯ ದಾರಿ. ಹೋಗಿ ಬರಲು ಎರಡು ದಿನವಾದರೂ ಬೇಕು. ಆ ಎರಡು ದಿನ ನನಗೆ ಸಿಗುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ. ಗಂಡನ ಅಕ್ಕ ಬಂದು ಮನೆ ನೋಡಿಕೊಳ್ಳುತ್ತಿದ್ದಾರೆ. ಪುಣ್ಯಾತ್ಮರು. ಅವರಿಗೂ ಅವರದೇ ಆದ ಮನೆಯಿದೆ, ಬೀಗ ಹಾಕಿಕೊಂಡು ಬಂದಿದ್ದಾರೆ.

ಮಾರ್ಚ್ ೯, ಶನಿವಾರ

ಗೋಡೆ ಸರಿಯುತ್ತಿದೆ!

ಹೊಸ ಕಟ್ಟಡದ ನಾಲ್ಕನೇ ಅಂತಸ್ತಿನಲ್ಲಿ ಅಳತೆ ಯಂತ್ರ ಕೂರಿಸಿದ್ದೇವೆ. ಅಲ್ಲಿಂದ ಗೋಡೆಯ ನೆತ್ತಿಗೆ ಇರುವ ದೂರ ಈ ವಾರ ದಿನದಿನಕ್ಕೂ ಹೆಚ್ಚುತ್ತಿದೆ. ಅಂದರೆ ಗೋಡೆ ಬೀದಿಯ ಕಡೆ ವಾಲುತ್ತಿದೆ. ಸರ್ವೇಯರ್ ಮೂರು ಸಲ ನೋಡಿದ. ಅವನದು ಬಡಪೆಟ್ಟಿಗೆ ಗಾಬರಿಯಾಗುವ ಜೀವ ಅಲ್ಲ, ಆದರೂ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಮೇಡಂ, ಇದು ಹೀಗೇ ಹೋದ್ರೆ ಬೀದೀಲಿ ಮಲಗುತ್ತೆ."

ನಾನು ಮುಖ ಗಂಭೀರ ಮಾಡಿಕೊಂಡೆ. ಒಳಗೊಳಗೇ ಕುಣಿಯುವಂತಾಯಿತು. ಹೇಳಬಾರದು, ಆದರೂ ಇಲ್ಲಿ ನೋಡುವವರು ಯಾರು? ಬಿದ್ದುಹೋಗಲಿ. ಯಾರ ಮೇಲೂ ಬೀಳದೆ, ಮೆತ್ತಗೆ, ಒಂದು ಮಧ್ಯಾಹ್ನ ಸುಸ್ತಾಗಿ ಕೂತುಕೊಳ್ಳಲಿ. ಗೋಡೆ ಇಲ್ಲವೆಂದರೆ ಗೋಡೆ ಮೇಡಂ ಯಾಕೆ ಬೇಕು?

ಮಾರ್ಚ್ ೧೭, ಭಾನುವಾರ

ಸೈಟಿನಿಂದಲೇ ಫೋನ್ ಮಾಡಿದೆ. ಮಗಳು ಪುಟ್ಟಿ ಹಲೋ ಕೂಡ ಹೇಳದೆ, "ಬಿತ್ತಾ?" ಅಂದಳು.

"ಇಲ್ಲ ಕಣೇ."

"ಎಷ್ಟು ವಾಲಿದೆ ಈಗ?"

"ನಿನ್ನ ಕಿರುಬೆರಳಿನ ಅಗಲ."

"ಅಷ್ಟೇನಾ? ನೀನೇ ಸ್ವಲ್ಪ ತಳ್ಳಬಾರ್ದಾ ಅಮ್ಮಾ?"

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಅವಳ ಅತ್ತೆ, "ಹಾಗೆಲ್ಲ ಹೇಳ್ಬಾರ್ದು, ಪಾಪ, ಅಮ್ಮ ಅದರ ಹತ್ರಾನೇ ನಿಂತಿರ್ತಾಳೆ" ಎಂದು ಗದರಿಸಿದ್ದು ಕೇಳಿಸಿತು. ಪುಟ್ಟಿ ಆಮೇಲೆ ಶಾಲೆಯ ಕಥೆಯನ್ನೆಲ್ಲ ಹೇಳಿದಳು. ಅವಳ ಪಕ್ಕದ ಹುಡುಗಿ ಮಾತು ಬಿಟ್ಟಿದ್ದು, ಯಾಕೆ ಬಿಟ್ಟಿದ್ದು, ಇವಳು ಏನು ಮಾಡಬೇಕೆಂದಿದ್ದಾಳೆ, ಚಿತ್ರಕಲೆ ಟೀಚರ್ ಇವಳ ಆನೆಯನ್ನು ಎಮ್ಮೆ ಎಂದುಕೊಂಡಿದ್ದು. ಎದ್ದುನಿಂತ ಹಲ್ಲೊಂದು ಕೊನೆಗೂ ಸಾಲಿಗೆ ಬಂದಿದೆಯಂತೆ. ಆ ಹಲ್ಲನ್ನು ನಾನು ನೋಡಬೇಕು. ಫೋಟೋದಲ್ಲಿ ಅಲ್ಲ.

ಸಂಜೆ ಅಕ್ಕ, "ಏನೇ, ಮುಖ ಅರಳಿದೆ?" ಅಂದಳು. "ಗೋಡೆ ವಾಲ್ತಿದೆ" ಅಂದೆ. ಭಾವ ಟೀವಿಯ ಸದ್ದು ತಗ್ಗಿಸಿ ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ನನ್ನ ಮಾತಿಗೆ ಆ ಟೀವಿ ತಗ್ಗಿದ್ದು ಇದೇ ಮೊದಲು.

ಮಾರ್ಚ್ ೨೬, ಮಂಗಳವಾರ

ವಿಶ್ವವಿದ್ಯಾಲಯದ ಕಟ್ಟಡ ವಿಭಾಗದ ಮುಖ್ಯಸ್ಥರು ಕರೆಸಿದ್ದರು. ಅವರು ಕೂಗಾಡುವವರಲ್ಲ. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟು, ತಗೊಳ್ಳಿ ತಗೊಳ್ಳಿ ಎನ್ನುತ್ತ, ಮೆತ್ತಗೆ ಕತ್ತು ಹಿಸುಕುವ ಜಾತಿ. ಇವತ್ತು ಮಾತ್ರ ಆ ಮೆತ್ತಗಿನ ಮಾತು ಹಿತವಾಗಿತ್ತು.

"ನೋಡಿ, ಈ ಗೋಡೆಯಿಂದ ನಮಗೂ ಸುಖ ಇಲ್ಲ, ನಿಮಗೂ ಇಲ್ಲ. ಉಳಿಸೋಕೆ ಆಗಲ್ಲ, ಅಪಾಯ ಅಂತ ನೀವೊಂದು ವರದಿ ಕೊಟ್ರೆ ಸಮಿತಿಯೋರು ಇಲ್ಲ ಅನ್ನೋಕಾಗಲ್ಲ. ಏಪ್ರಿಲ್ ಕೊನೇಲಿ ಸಭೆ. ಮೇ ಹೊತ್ತಿಗೆ ಬಿಚ್ಚಿ ತೆಗೀಬಹುದು. ಆಮೇಲೆ ನೀವು ನಿಮ್ಮೂರಿಗೆ ಹೋಗಿ. ಮಗಳಿದ್ದಾಳಲ್ಲ?"

ಇದ್ದಾಳೆ ಅಂದೆ. ವರದಿ ಕೊಡುತ್ತೇನೆ ಅಂದೆ. ಸುಳ್ಳು ಹೇಳಿ ಎಂದು ಅವರೇನೂ ಕೇಳಲಿಲ್ಲವಲ್ಲ. ಅಳತೆಗಳು ಕಣ್ಣೆದುರಿಗೇ ಇವೆ. ಹೊರಡುವಾಗ ಎರಡು ಬಿಸ್ಕತ್ತು ತಿಂದೆ.

ಮನೆಗೆ ಫೋನ್ ಮಾಡಿ ಇವರಿಗೆ, ಪುಟ್ಟಿಯ ಅಪ್ಪನಿಗೆ, ಹೇಳಿದೆ. "ನಿಜವಾಗ್ಲೂ ಬರ್ತಿದ್ದೀಯಾ?" ಎಂದು ಮದುವೆಗೆ ಮುಂಚಿನ ದನಿಯಲ್ಲಿ ಕೇಳಿದರು. ಬಂದೇ ಬರ್ತೀನಿ ಅಂದೆ.

ಏಪ್ರಿಲ್ ೩, ಬುಧವಾರ

ಕೆಂಪು ಬಾವುಟ. ಗೋಡೆಯ ಬಳಿ ನನ್ನ ಹೊರತು ಯಾರೂ ಸುಳಿಯುವಂತಿಲ್ಲ. ಬೀದಿಗೆ ಅಡ್ಡಗಟ್ಟೆ ಹಾಕಿದ್ದಾರೆ. ಎದುರಿನ ಕ್ಷೌರದಂಗಡಿಯವನು ಅಡ್ಡಗಟ್ಟೆಯ ಆಚೆ ನಿಂತು, ಗಿರಾಕಿಗಳು ಹಾರಿಕೊಂಡು ಬರಬೇಕಾ ಎಂದು ನನ್ನ ಮೇಲೆ ಹರಿಹಾಯ್ದ. ಅವನಿಗೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಕಟ್ಟಡಕ್ಕೆ ಹಾಯಿಸುವ ನೀರು ಹಳೆಯ ಬಾಗಿಲಿನಿಂದ ಬೀದಿಗಿಳಿದು ಅವನ ಮೆಟ್ಟಿಲಿಗೆ ಬರುತ್ತಿತ್ತು. ಅದಕ್ಕೆ ದಿನಾ ಜಗಳ.

ಕೆಡವುವ ಮುಂಚೆ ಗೋಡೆಯ ಒಂದೊಂದು ಭಾಗವನ್ನೂ ಚಿತ್ರ ತೆಗೆದು ಸಮಿತಿಗೆ ಒಪ್ಪಿಸಬೇಕಂತೆ. ಅದೂ ನನ್ನ ತಲೆಗೇ ಬಂತು. ನಾಳೆಯಿಂದ ಹಿಂಬದಿಯ ಅಟ್ಟಣಿಗೆ ಹತ್ತಬೇಕು.

ಏಪ್ರಿಲ್ ೮, ಸೋಮವಾರ

ಎರಡು ವರ್ಷ ಈ ಗೋಡೆಯ ಎದುರಿಗೇ ಇದ್ದೂ ಅದರ ಹಿಂಬದಿಯನ್ನು ಸರಿಯಾಗಿ ನೋಡಿರಲಿಲ್ಲ. ಬೀದಿಗೆ ಅದು ಕಲ್ಲಿನ ಗತ್ತು. ಹಿಂದೆ ಮಾತ್ರ ಮನೆಯ ಹಾಗಿದೆ. ಕೆಡವಿದ ಕೋಣೆಗಳ ಬಣ್ಣ ಹಾಗೇ ಅಂಟಿಕೊಂಡಿದೆ: ಓದುವ ಕೋಣೆಯದು ತಿಳಿನೀಲಿ, ಕಚೇರಿಯದು ಪಾಚಿಹಸಿರು. ಕಿತ್ತುಹಾಕಿದ ಮೆಟ್ಟಿಲಿನ ಗುರುತು ಗೋಡೆಯ ಮೈಮೇಲೆ ಓರೆಯಾಗಿ ಏರಿದೆ. ಅದರ ಪಕ್ಕ, ಕೈ ಆಸರೆಗೆ ಹಿಡಿಯುತ್ತಿದ್ದ ಎತ್ತರದಲ್ಲಿ, ಸುಣ್ಣವೆಲ್ಲ ಸವೆದು ನುಣ್ಣಗಾಗಿದೆ. ಎಷ್ಟು ಜನ ಓದಲು ಹತ್ತಿರಬೇಕು.

ಎರಡನೇ ಅಂತಸ್ತಿನ ಕಿಟಕಿಯ ಪಕ್ಕ ಕೋಟು ಸಿಕ್ಕಿಸುವ ಹಿತ್ತಾಳೆ ಕೊಕ್ಕೆಯೊಂದು ಉಳಿದಿದೆ. ಕೋಣೆ ಹೋಗಿದೆ, ನೆಲ ಹೋಗಿದೆ, ಕೊಕ್ಕೆ ಮಾತ್ರ ಗಾಳಿಯಲ್ಲಿ ಯಾರ ಕೋಟಿಗೋ ಕಾಯುತ್ತಿದೆ. ಹಾಸ್ಯಕ್ಕೆ ನನ್ನ ಚೀಲ ಸಿಕ್ಕಿಸಿದೆ. ಗಟ್ಟಿಯಾಗಿ ನಿಂತಿತು.

ಇವತ್ತು ಊಟಕ್ಕೆ ಇಳಿಯಲಿಲ್ಲ, ಡಬ್ಬಿಯನ್ನು ಅಲ್ಲಿಗೇ ತರಿಸಿಕೊಂಡೆ. ಆ ಕಿಟಕಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಪುಟ್ಟಿಗೆ ಫೋನ್ ಮಾಡುವುದು ತಡವಾಯಿತು, ಅವಳು ಆಗಲೇ ಮಲಗಿದ್ದಳು.

ಏಪ್ರಿಲ್ ೧೧, ಗುರುವಾರ

ವರದಿ ಮುಗಿಯಿತು, ಕಳಿಸಿಯೂ ಆಯಿತು. ಗೋಡೆ ಉಳಿಸಲು ಸಾಧ್ಯವಿಲ್ಲ ಎಂದು ಕೊನೆಯ ಸಾಲು ಬರೆದು ಸಹಿ ಹಾಕಿದೆ. ಕೈ ತೊಳೆದುಕೊಂಡಂತಾಯಿತು ಎಂದು ಚಹಾ ಕುಡಿಯಲು ಹೊರಗೆ ಬಂದರೆ ಕ್ಷೌರದಂಗಡಿಯವನು ನಗುನಗುತ್ತ ಬಂದ. ನಗು! ಇವನಿಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದೇ ಇವತ್ತು.

"ಮೇಡಂ, ಸುಮ್ನೆ ಅವತ್ತು ಕೂಗಾಡ್ಬಿಟ್ಟೆ. ಮನಸಲ್ಲಿ ಇಟ್ಕೋಬೇಡಿ. ನೀರು ನಿಲ್ಸಿದ್ರಲ್ಲ, ದೊಡ್ಡ ಉಪಕಾರ ಆಯ್ತು."

"ಯಾವ ನೀರು?"

"ಅದೇ, ನಮ್ಮ ಮೆಟ್ಟಿಲಿಗೆ ಬರ್ತಿತ್ತಲ್ಲ. ಒಂದು ತಿಂಗಳಾಯ್ತು, ಹನಿ ಬಂದಿಲ್ಲ."

ನಾನು ನಿಲ್ಲಿಸಿಲ್ಲ. ಯಾರೂ ನಿಲ್ಲಿಸಿಲ್ಲ. ಮೇಲಿನ ಅಂತಸ್ತುಗಳಿಗೆ ಈಗಲೂ ದಿನಾ ನೀರು ಹಾಯಿಸುತ್ತಾರೆ, ಇವತ್ತೂ ಹಾಯಿಸಿದರು. ಪರವಾಗಿಲ್ಲ ಬಿಡಿ ಎಂದು ಅವನು ಕೊಡಿಸಿದ ಚಹಾ ಕುಡಿದು ಬಂದೆ. ತಲೆಯೊಳಗೆ ಒಂದು ಹುಳ ಹೊಕ್ಕಿದೆ.

ಏಪ್ರಿಲ್ ೧೨, ಶುಕ್ರವಾರ

ಬೆಳಿಗ್ಗೆ ಬೇಗ ಹೋದೆ. ಹೊಸ ಕಟ್ಟಡದ ನೆಲದ ಮೇಲೆ, ಹಳೆಯ ಬಾಗಿಲಿನ ಹತ್ತಿರ, ಒಂದು ಬಕೆಟ್ ನೀರು ಸುರಿದೆ. ಬೀದಿಯ ಕಡೆಗೆ ಓಡಬೇಕಾದ ನೀರು. ನಾವೇ ಹಾಗೆ ಇಳಿಜಾರು ಕೊಟ್ಟು ಕಟ್ಟಿದ ನೆಲ. ನೀರು ಸ್ವಲ್ಪ ಹೊತ್ತು ಯೋಚಿಸಿದಂತೆ ನಿಂತು, ಹಿಂದಕ್ಕೆ, ಒಳಗಡೆಗೆ, ಲಿಫ್ಟಿನ ಗುಂಡಿಯ ದಿಕ್ಕಿಗೆ ಹರಿಯಿತು. ಲಿಫ್ಟಿನ ಗುಂಡಿಯಲ್ಲಿ ಪಂಪು ಇಡೀ ದಿನ ಗುರುಗುಟ್ಟುತ್ತಿರುವುದನ್ನು ತಿಂಗಳಿಂದ ಕೇಳುತ್ತಿದ್ದೇನೆ. ಕೇಳಿಯೂ ಕೇಳಿಸಿಕೊಂಡಿರಲಿಲ್ಲ.

ಬಕೆಟ್ ಅಲ್ಲೇ ಬಿಟ್ಟು ಉಗ್ರಾಣಕ್ಕೆ ಓಡಿದೆ.

ಗೋಡೆ ಒಂಟಿಯಾದ ದಿನ ಅದರ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟು, ಗುಂಡಿನ ಮೊನೆ ನಿಂತ ಜಾಗಕ್ಕೆ ಹೊಸ್ತಿಲ ಕಲ್ಲಿನಲ್ಲಿ ಒಂದು ಹಿತ್ತಾಳೆ ಮೊಳೆ ಹೊಡೆದಿದ್ದೆವು. ಯಂತ್ರ ಬಂದ ಮೇಲೆ ಅದನ್ನು ಯಾರು ಕೇಳುತ್ತಾರೆ? ಉಗ್ರಾಣದಿಂದ ಗುಂಡು ಹುಡುಕಿ ತಂದು, ಅಟ್ಟಣಿಗೆ ಹತ್ತಿ ಇಳಿಬಿಟ್ಟೆ. ಗಾಳಿ ಇರಲಿಲ್ಲ. ಗುಂಡು ತೂಗಿ ತೂಗಿ ಸುಮ್ಮನಾಯಿತು. ಕೆಳಗಿಳಿದು ಬಂದು ಮಂಡಿಯೂರಿ ನೋಡಿದೆ.

ಮೊನೆ ಮೊಳೆಯ ತಲೆಯ ಮೇಲೇ ನಿಂತಿತ್ತು. ನಡು ಮಧ್ಯಕ್ಕೆ.

ಗೋಡೆ ವಾಲಿಲ್ಲ. ಕೂದಲೆಳೆಯಷ್ಟೂ ವಾಲಿಲ್ಲ. ಬುಡ ಇಳಿದು ಹಿಂದಕ್ಕೆ ಕೂರುತ್ತಿರುವುದು ನಮ್ಮ ಹೊಸ ಕಟ್ಟಡ. ಯಂತ್ರ ಮೊದಲು ಬೀದಿಯ ಆಚೆಯ ಕಲ್ಲುಕಂಬದ ಮೇಲಿತ್ತು. ಲಾರಿಯೊಂದು ಕಂಬಕ್ಕೆ ಗುದ್ದಿದ ಮೇಲೆ ಹೊಸ ಕಟ್ಟಡಕ್ಕೆ ತಂದೆವು. "ಇದಕ್ಕಿಂತ ಗಟ್ಟಿ ಜಾಗ ಎಲ್ಲಿದೆ ಮೇಡಂ" ಅಂದಿದ್ದ ಸರ್ವೇಯರ್, ಹೌದು ಅಂದಿದ್ದೆ ನಾನು. ಯಂತ್ರ ಪಾಪ, ತನಗೂ ಗೋಡೆಗೂ ಇರುವ ದೂರವನ್ನಷ್ಟೇ ಹೇಳುತ್ತದೆ. ದೂರ ಹೆಚ್ಚಿತು. ಹಳೆಯದೇ ಸರಿದಿರಬೇಕು ಎಂದು ನಾವು ಬರೆದುಕೊಂಡೆವು. ಹೊಸದು ಸರಿಯಬಹುದೆಂದು ಒಬ್ಬರಿಗೂ, ಒಂದು ಕ್ಷಣಕ್ಕೂ, ಅನ್ನಿಸಲಿಲ್ಲ.

ಹೊಸ್ತಿಲ ಮೇಲೆ ಕೂತುಬಿಟ್ಟೆ. ಇದನ್ನು ಹೇಳಿದರೆ ಕೆಲಸ ನಿಲ್ಲುತ್ತದೆ. ಹೊಸ ಕಟ್ಟಡದ ಬುನಾದಿ ಅಗೆದು ನೋಡಬೇಕು, ಗಟ್ಟಿ ಮಾಡಬೇಕು, ತಿಂಗಳುಗಟ್ಟಲೆ. ಅಷ್ಟೂ ಕಾಲ ಗೋಡೆ ಒಂಟಿಯಾಗೇ ನಿಲ್ಲಬೇಕು, ಅದರ ಜೊತೆ ನಾನೂ. ಹೇಳದಿದ್ದರೆ ಮೇ ತಿಂಗಳಲ್ಲಿ ಮನೆ.

ಏಪ್ರಿಲ್ ೧೩, ಶನಿವಾರ

ಏನೂ ಬರೆಯಲು ಮನಸ್ಸಿಲ್ಲ. ಗುಂಡು ಅಲ್ಲೇ ನಿಂತಿದೆ.

ಏಪ್ರಿಲ್ ೨೧, ಭಾನುವಾರ

ಸರ್ವೇಯರನಿಗೆ ತೋರಿಸಿದೆ. ಅವನು ಗುಂಡನ್ನೂ ಮೊಳೆಯನ್ನೂ ನೋಡಿ, ತಲೆಯೆತ್ತಿ ಹನ್ನೊಂದು ಅಂತಸ್ತನ್ನೂ ನೋಡಿ, ಮೆಲ್ಲಗೆ ಎರಡು ಹೆಜ್ಜೆ ಬೀದಿಯ ಕಡೆ ಸರಿದ. ಆ ಹೊತ್ತಿನಲ್ಲೂ ನಗು ಬಂತು.

"ಮೇಡಂ, ಈಗ ಏನ್ ಮಾಡೋದು? ನನ್ನ ಕೆಲಸ ಹೋಗುತ್ತೆ."

"ನಿಂದೊಬ್ಬಂದೇ ಯಾಕೆ ಹೋಗುತ್ತೆ? ಸಹಿ ನಂದು."

ಇವರಿಗೂ ಫೋನ್ ಮಾಡಿ ಹೇಳಿದೆ. "ನಿನ್ನ ಕಣ್ಣಿಗೆ ಬಿದ್ದಿದ್ದು ಬೇರೆ ಯಾರ ಕಣ್ಣಿಗೂ ಬಿದ್ದಿಲ್ಲ ತಾನೇ?" ಅಂದರು.

"ಏನ್ರೀ ಹಾಗಂದ್ರೆ?"

"ಏನಿಲ್ಲ. ಗೋಡೆ ಹೋಗ್ಲಿ, ನೀನು ಬಾ. ಆಮೇಲೆ ಯಾರಾದ್ರೂ ಕಂಡುಹಿಡೀತಾರೆ. ಅಲ್ಲಿ ನೀನೊಬ್ಬಳೇ ಎಂಜಿನಿಯರ್ರಾ?"

ಮೈ ಪರಚಿಕೊಳ್ಳುವಂತಾಯಿತು. ಸಿಟ್ಟು ಬಂದದ್ದು ಅವರ ಮೇಲಲ್ಲ. ಎಂಟು ದಿನದಿಂದ ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದ ಮಾತನ್ನೇ ಅವರು ಬಾಯಿಬಿಟ್ಟು ಹೇಳಿದರು. ಹದಿನೆಂಟು ಅಂತಸ್ತಿನ ತುಂಬ ಮಕ್ಕಳು ಕೂತು ಪಾಠ ಕೇಳುತ್ತಾರೆ ಕಣ್ರೀ ಅಂದೆ. ಅವರು, "ನಮ್ಮ ಮಗೂನೂ ಒಂದು ಮಗು" ಅಂದರು. ಇಬ್ಬರೂ ಫೋನ್ ಇಟ್ಟೆವು.

ಪರದೆಯೊಳಗೆ ಕೂತು ತುಂಬ ಹೊತ್ತು ಅತ್ತೆ. ಟೀವಿ ಸದ್ದು ಜೋರಿತ್ತು, ಒಳ್ಳೆಯದಾಯಿತು.

ಏಪ್ರಿಲ್ ೩೦, ಮಂಗಳವಾರ

ಹೇಳಿಬಿಟ್ಟೆ.

ಸಭೆಯಲ್ಲಿ ಸಮಿತಿಯವರು ಒಂದು ಕಡೆ, ವಿಶ್ವವಿದ್ಯಾಲಯದವರು ಒಂದು ಕಡೆ. ಎಲ್ಲರ ಮುಂದೆಯೂ ನನ್ನ ವರದಿ. ಮುಖ್ಯಸ್ಥರು ಮೆತ್ತಗೆ ಓದಿ ಮುಗಿಸಿ, "ನಮಗೂ ತುಂಬಾ ದುಃಖ ಇದೆ" ಎಂದು ಕನ್ನಡಕ ಒರೆಸಿಕೊಂಡರು. ನಾನು ಎದ್ದು ನಿಂತು ವರದಿ ತಪ್ಪು ಅಂದೆ.

"ಮೇಡಂ, ಇದನ್ನ ಬರೆದವರು ನೀವೇ ಅಲ್ವಾ?"

"ನಾನೇ ಸರ್. ತಪ್ಪು ಬರೆದಿದ್ದೆ. ಗೋಡೆ ನೆಟ್ಟಗಿದೆ. ಕೂರ್ತಿರೋದು ನಾವು ಕಟ್ಟಿದ್ದು."

ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನಿಂದ ದೂರ ಸರಿಸಿದರು. ಬೇಕೆಂದು ಮಾಡಿದ್ದಲ್ಲ ಅನ್ನಿಸುತ್ತದೆ, ಕೈ ತಾನಾಗೇ ಸರಿಸಿತು. ಸಮಿತಿಯ ಹಿರಿಯರೊಬ್ಬರು ತೋರಿಸಿ ಎಂದರು. ಎಲ್ಲರೂ ಬಿಸಿಲಲ್ಲಿ ಸೈಟಿಗೆ ನಡೆದೆವು. ನಾನು ಒಂದು ಬಕೆಟ್ ನೀರು ಸುರಿದೆ. ನೀರು ಹಿಂದಕ್ಕೆ ಹೋಗುವುದನ್ನು ದೊಡ್ಡ ದೊಡ್ಡವರೆಲ್ಲ ಸೊಂಟ ಬಗ್ಗಿಸಿ ನೋಡಿದರು. ಕ್ಷೌರದಂಗಡಿಯವನು ಮಾತ್ರ ಮೆಟ್ಟಿಲ ಮೇಲೆ ನಿಂತು, ಮತ್ತೆ ನೀರು ಬಿಡ್ತಾರಾ ಎಂದು ಕಣ್ಣು ಕೆಂಪಗೆ ಮಾಡಿಕೊಂಡಿದ್ದ.

ಕೆಲಸ ನಿಂತಿತು. ಗೋಡೆ ನಿಂತಿತು.

ಪುಟ್ಟಿಗೆ ಹೇಳಿದೆ. "ಓ. ಸರಿ ಅಮ್ಮ" ಅಂದಳು. ಅಷ್ಟೇ. ಹಟ ಮಾಡುತ್ತಾಳೆ, ಅಳುತ್ತಾಳೆ ಎಂದು ಏನೇನೋ ಸಮಾಧಾನದ ಮಾತು ಕಟ್ಟಿಕೊಂಡು ಕೂತಿದ್ದೆ. ಯಾವುದೂ ಬೇಕಾಗಲಿಲ್ಲ.

ಮೇ ೭, ಮಂಗಳವಾರ

ಕ್ರೇನ್ ಇಲ್ಲ, ಸದ್ದಿಲ್ಲ. ಬಾವುಟದ ಅಗತ್ಯವೂ ಇಲ್ಲ. ಆದರೂ ಬೆಳಿಗ್ಗೆ ಹೋಗಿ ಗುಂಡು ನೋಡಿ ಬಂದೆ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಚೌಕಟ್ಟಿಗೂ ಗೋಡೆಗೂ ನಡುವೆ ಹೊಡೆದಿರುವ ಮರದ ಬೆಣೆಗಳು ಬಿಸಿಲಿಗೆ ಒಣಗಿ ಸಡಿಲವಾಗುತ್ತವೆ. ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಬೇಕು. ಸಡಿಲಾದದ್ದು ಟೊಳ್ಳು ದನಿ ಕೊಡುತ್ತದೆ. ಮೇಲಿನ ಸಾಲಿನ ಎಡಗಡೆಯದು ಸ್ವಲ್ಪ ನಾಜೂಕು. ಅದಕ್ಕೆ ಒದ್ದೆ ಗೋಣಿ ಸುತ್ತಿಸಿದೆ. ನಮ್ಮ ಗೋಡೆಗೆ ಮಧ್ಯಾಹ್ನದ ಬಿಸಿಲು ಆಗುವುದಿಲ್ಲ.

ಅಕ್ಕ ತಟ್ಟೆ ಇಡುತ್ತ, "ನಿದ್ದೇಲೂ ಬೆಣೆ ಬೆಣೆ ಅಂತೀಯ ಕಣೇ. ಮೊದ್ಲೆಲ್ಲ ಪುಟ್ಟಿ ಪುಟ್ಟಿ ಅಂತಿದ್ದೆ" ಅಂದಳು. ಇವಳಿಗೆ ಯಾವಾಗಲೂ ಒಂದಕ್ಕೆ ಎರಡು ಸೇರಿಸುವ ಚಟ.

ಪುಟ್ಟಿಗೆ ಬೇಸಿಗೆ ರಜೆ. ಅವಳ ಅತ್ತೆ ಸೈಕಲ್ ಕಲಿಸುತ್ತಿದ್ದಾರಂತೆ.

ಮೇ ೧೫, ಬುಧವಾರ

ಮುಖ್ಯಸ್ಥರು ಕರೆಸಿದರು. ಬಿಸ್ಕತ್ತು ಇರಲಿಲ್ಲ.

"ಬುನಾದಿ ಕೆಲಸಕ್ಕೆ ಬೇರೆ ಸಂಸ್ಥೆಯೋರು ಬರ್ತಿದ್ದಾರೆ. ಗೋಡೇನೂ ಅವರೇ ನೋಡ್ಕೋತಾರೆ. ಅನುಮತಿ ಪತ್ರಾನೂ ಅವರ ಎಂಜಿನಿಯರ್ ಹೆಸರಿಗೆ ಬದಲಾಯ್ಸಿದ್ದೀವಿ. ಈ ವಾರ ಒಪ್ಪಿಸಿಬಿಡಿ, ಸೋಮವಾರದಿಂದ ನೀವು ಸ್ವತಂತ್ರ."

ಶಿಕ್ಷೆ ಎಂದುಕೊಂಡು ಕೊಟ್ಟರೋ, ಕರುಣೆಯಿಂದಲೋ ಗೊತ್ತಾಗಲಿಲ್ಲ. ಎರಡು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಮಾತು. ಮನೆಗೆ ಫೋನ್ ಮಾಡಿ ಹೇಳಿದೆ. ಇವರು ಖುಷಿಯಾಗಿ, ಇವತ್ತೇ ಟಿಕೆಟ್ ಮಾಡಿಸ್ತೀನಿ ಅಂದರು. ಇವರ ಅಕ್ಕ, "ಸದ್ಯ, ನಾನೂ ನನ್ನ ಮನೆ ಬಾಗಿಲು ತೆಗೀಬಹುದು" ಎಂದು ನಕ್ಕರು.

ಸಂತೋಷವಾಗಿದೆ. ನಾಳಿದ್ದಿನಿಂದ ಹೊಸಬನಿಗೆ ಎಲ್ಲ ತೋರಿಸಬೇಕು, ಅದೊಂದು ರಗಳೆ.

ಮೇ ೧೭, ಶುಕ್ರವಾರ

ಹೊಸ ಎಂಜಿನಿಯರ್ ಬಂದ. ನನಗಿಂತ ಚಿಕ್ಕವನು. ಬೂಟು ಫಳಫಳ ಹೊಳೆಯುತ್ತದೆ. ಗೋಡೆ ಕೆಲಸದವರ ಬೂಟು ಹಾಗೆ ಹೊಳೆಯಬಾರದು. ಬೆಣೆ ತಟ್ಟಿ ತೋರಿಸಿದೆ, ತಾನೂ ತಟ್ಟಿದ. ಸಡಿಲಾದದ್ದನ್ನು ಸರಿಯಾಗಿಯೇ ಗುರುತಿಸಿದ, ಆದರೆ ತಟ್ಟುವಾಗ ಮನಸ್ಸು ಅಲ್ಲಿರಲಿಲ್ಲ. ಯಂತ್ರವನ್ನು ಬೀದಿಯ ಆಚೆ ಹೊಸ ಕಂಬ ನೆಟ್ಟು ಕೂರಿಸುತ್ತೇನೆ ಅಂದ. ಸರಿಯಾದ ಮಾತೇ. ಹೇಳಿದ ರೀತಿ ಹಿಡಿಸಲಿಲ್ಲ. ಇಂಥ ಗೋಡೆ ಹಿಂದೆಯೂ ಎರಡು ನೋಡಿಕೊಂಡಿದ್ದಾನಂತೆ. ಗೋಡೆಗಳೆಲ್ಲ ಒಂದೇ ಎಂಬ ಧಾಟಿ.

ಎರಡನೇ ಅಂತಸ್ತಿನ ಕಿಟಕಿಯ ಹತ್ತಿರ ನಿಂತು, "ಇಲ್ಲಿ ಗಾಳಿ ಚೆನ್ನಾಗಿದೆ ಮೇಡಂ" ಎಂದು ಕೊಕ್ಕೆಗೆ ತನ್ನ ಚೀಲ ಸಿಕ್ಕಿಸಿದ.

ನಾನು ಅದನ್ನು ತೆಗೆದು ಅವನ ಕೈಗೆ ಕೊಟ್ಟೆ. ಹಳೆಯ ಕೊಕ್ಕೆ, ಭಾರ ತಡೆಯುವುದಿಲ್ಲ ಅಂದೆ.

ಮೇ ೧೮, ಶನಿವಾರ

ಮುಖ್ಯಸ್ಥರ ಕೋಣೆಗೆ ನಾನಾಗಿಯೇ ಹೋದೆ. ಹೊಸಬನಿಗೆ ಇಲ್ಲಿನ ಮಣ್ಣು, ಮಳೆ ಗೊತ್ತಿಲ್ಲ, ಹಿಂದುಗಡೆ ಅಗೆಯುವಾಗ ಗೋಡೆ ಬುಡದಲ್ಲಿ ನೀರು ನಿಂತರೆ ಕಷ್ಟ, ಒಂದು ಮಳೆಗಾಲ ಜೊತೆಯಲ್ಲಿದ್ದು ನೋಡಿಕೊಡುತ್ತೇನೆ ಅಂದೆ. ಅವರು ಓದುತ್ತಿದ್ದ ಕಾಗದ ಕೆಳಗಿಟ್ಟರು.

"ನೀವು ಹೋಗ್ಬೇಕು ಹೋಗ್ಬೇಕು ಅಂತಿದ್ರಲ್ಲಮ್ಮ?"

"ಹೋಗ್ತೀನಿ ಸರ್. ಮಳೆ ಒಂದು ಕಳೀಲಿ."

ಸರಿ, ನಿಮ್ಮಿಷ್ಟ ಅಂದರು. ಇದೊಂದೇ ಮಳೆಗಾಲ. ನ್ಯಾಯವಾಗಿ ಯೋಚಿಸಿದರೆ ಬೇರೆ ದಾರಿ ಇಲ್ಲ, ಅರ್ಧಕ್ಕೆ ಬಿಟ್ಟು ಹೋಗುವ ಕೆಲಸ ಅಲ್ಲ ಇದು. ಇವರಿಗೆ ಫೋನಿನಲ್ಲಿ ಹೇಳಿದೆ. "ಪುಟ್ಟಿಗೆ ನೀನೇ ಹೇಳು" ಅಂದರು.

ಮೇ ೧೯, ಭಾನುವಾರ

ಬೆಳಿಗ್ಗೆಯಿಂದ ಧೈರ್ಯ ಸಾಲಲಿಲ್ಲ. ಸೈಟಿಗೆ ಹೋಗಿ, ಆ ಕಿಟಕಿಯ ಹತ್ತಿರ ಅಟ್ಟಣಿಗೆಯ ಹಲಗೆಯ ಮೇಲೆ ಕೂತು ಫೋನ್ ಮಾಡಿದೆ. ಪುಟ್ಟಿಯೇ ಎತ್ತಿದಳು. ಸೈಕಲ್ ಕೈಬಿಟ್ಟು ಓಡಿಸುತ್ತಾಳಂತೆ, ಮಂಡಿ ತರಚಿದೆಯಂತೆ, ಅತ್ತೆ ಊದಿದ ಮೇಲೆ ಉರಿ ನಿಂತಿತಂತೆ. ಎಲ್ಲ ಕೇಳಿ, ನಾಳೆ ಬರುವುದಕ್ಕಾಗುವುದಿಲ್ಲ ಕಂದಾ, ಮಳೆಗಾಲ ಮುಗಿದ ಮೇಲೆ ಬರ್ತೀನಿ ಅಂದೆ.

ಅವಳು ಫೋನನ್ನು ಬಾಯಿಗೆ ಇನ್ನೂ ಹತ್ತಿರ ತಂದುಕೊಂಡದ್ದು ಉಸಿರಿನಿಂದ ಗೊತ್ತಾಯಿತು.

"ಹಾಗಾದ್ರೆ ಅಮ್ಮ," ಅಂದಳು, ಯಾರಿಗೋ ಕೇಳಿಸಬಾರದು ಅನ್ನುವ ಹಾಗೆ ತಗ್ಗಿದ ದನಿಯಲ್ಲಿ, "ಅತ್ತೆ ಹೋಗೋದು ಬೇಡ ಅಲ್ವಾ? ಅವರು ಪೆಟ್ಟಿಗೆ ಕಟ್ಟಿ ಬಾಗಿಲ ಹತ್ರ ಇಟ್ಬಿಟ್ಟಿದ್ದಾರೆ. ನೀನು ಬರ್ತೀಯ ಅಂತ."

"ಬೇಡ" ಅಂದೆ. "ಇರೋಕೆ ಹೇಳು."

ಫೋನನ್ನು ಎಲ್ಲೋ ಇಟ್ಟ ಸದ್ದು. ಬರಿಗಾಲಿನ ಓಟ. ಆಮೇಲೆ ದೂರದಿಂದ ಅವಳ ಕೂಗು.

"ಅತ್ತೇ! ಬಿಚ್ಚಿ, ಪೆಟ್ಟಿಗೆ ಬಿಚ್ಚಿ! ಅಮ್ಮ ಬರಲ್ವಂತೆ! ಅಮ್ಮ ಬರಲ್ವಂತೆ!"

ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಬಹಳ ದಿನವಾಗಿತ್ತು. ಪೆಟ್ಟಿಗೆ ಎಳೆದ ಸದ್ದು ಬಂತು, ಚಿಲಕ ತೆಗೆದ ಸದ್ದು ಬಂತು, ಅತ್ತೆ ಏನೋ ಗದರಿದರು, ಇವಳು ನಕ್ಕಳು. ಫೋನ್ ಕಟ್ ಮಾಡುವುದನ್ನು ಮರೆತೇ ಹೋಗಿದ್ದಳು. ನಾನೂ ಕಟ್ ಮಾಡಲಿಲ್ಲ. ಅವರು ಬಟ್ಟೆಗಳನ್ನೆಲ್ಲ ತೆಗೆದು ಮತ್ತೆ ಕಪಾಟಿಗೆ ಜೋಡಿಸಿ ಮುಗಿಸುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡು ಕೂತಿದ್ದೆ.